ಹುಂಜ ಬರೆದ ಕೈಪಿಡಿ

ನಮ್ಮೂರ ಹಿತ್ತಲುಗಳಿಗೆ ಕೆಲಸಕ್ಕೆ ಬರುವ ಏಜೆಂಟರಿಗೆ ವಿವರ ಕೊಡಲು ಎಪಿಐ ಎಂಬ ಗಿಳಿಯಿತ್ತು. ಹಿತ್ತಲಿನ ಹೆಸರು ಹೇಳಿದರೆ ಅಲ್ಲಿ ಏನು ತಿನ್ನಬಹುದು, ಏನು ಮುಟ್ಟಬಾರದು ಎಂದು ಒಪ್ಪಿಸುತ್ತಿತ್ತು. ಹೆಸರು ಹೇಳದಿದ್ದರೆ ಹಿಂದಿನವರು ಕೇಳಿದ ಹಿತ್ತಲಿನದ್ದನ್ನೇ ಒಪ್ಪಿಸಿಬಿಡುತ್ತಿತ್ತು. ಗಿಳಿಯನ್ನು ಕೇಳುವ ಬಗೆ ಹೇಗೆಂದು ಕೈಪಿಡಿ ಬರೆದದ್ದು ಹುಂಜ.

ಹುಂಜದ ಹಿತ್ತಲಿನ ಕಳೆ ತೆಗೆಯಲು ಎಐ ಎಂಬ ಮೇಕೆ ಏಜೆಂಟಾಗಿ ಬಂತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಪ್ರಾಣಿ.

“ಹುಂಜಣ್ಣ, ಕೈಪಿಡಿ ತುಂಬ ನಿನ್ನ ಜುಟ್ಟಿನ ವರ್ಣನೆಯೇ ಇದೆಯಲ್ಲ. ಗಿಳಿಗೆ ಏನಂತ ಕೇಳಲಿ?”

“ಲೇ, ‘ವಿವರ ಕೊಡು’ ಅನ್ನು, ಸಾಕು. ಸುತ್ತ ಹತ್ತೂರಲ್ಲಿ ಇಂಥ ಬರಹ ಇದ್ದರೆ ತೋರಿಸು ನೋಡೋಣ!”

ಮೇಕೆ ಹಾಗೇ ಕೇಳಿತು. ಆಗಷ್ಟೇ ಎಮ್ಮೆ ತನ್ನ ಹಿತ್ತಲಿನ ವಿವರ ಕೇಳಿ ಹೋಗಿತ್ತು. ಗಿಳಿ ಅದನ್ನೇ ಒಪ್ಪಿಸಿತು: “ಕಂಡ ಹುಲ್ಲೆಲ್ಲ ತಿನ್ನಬಹುದು.”

ಮೇಕೆ ನೆಟ್ಟಗೆ ಹುಂಜದ ಹಿತ್ತಲಿಗೆ ಹೋಗಿ, ಕಾವಿಗೆ ಕೂತಿದ್ದ ಹೇಂಟೆಯ ಅಡಿಯಿಂದ ಹುಲ್ಲನ್ನು ಎಳೆದೆಳೆದು ತಿಂದಿತು. ಮೊಟ್ಟೆಗಳು ಉರುಳಿ ದಿಕ್ಕಾಪಾಲಾದವು.

“ನನ್ನ ಮಕ್ಕಳ ಹಾಸಿಗೆ ತಿಂದ್ಯಲ್ಲೋ!” ಹೇಂಟೆ ಕಿರುಚಿತು.

“ಕೈಪಿಡಿಯಂತೆ ಕೇಳಿದೆ, ಗಿಳಿ ಹೇಳಿದಂತೆ ತಿಂದೆ ಅಕ್ಕಾ,” ಎಂದಿತು ಮೇಕೆ.

ಹೇಂಟೆ ಗಂಡನತ್ತ ತಿರುಗಿತು. “ಏನ್ರೀ, ಹಿತ್ತಲಿನ ಹೆಸರು ಹೇಳಿ ಅಂತ ಒಂದು ಸಾಲು ಬರೆಯೋಕಾಗ್ಲಿಲ್ವಾ?”

“ಜುಟ್ಟಿಗೇ ಜಾಗ ಸಾಲಲಿಲ್ಲ ಕಣೇ.”

“ಸರಿ. ನಾನು ಹುಲ್ಲು ಹುಡುಕೋಕೆ ಹೊರಟೆ. ಮೊಟ್ಟೆ ತಣ್ಣಗಾಗೋ ಮುಂಚೆ ನೀವು ಕೂತ್ಕೊಳ್ಳಿ.”

ಹುಂಜ ಮೊಟ್ಟೆಗಳನ್ನು ಒಟ್ಟುಮಾಡಿ ಬರೀ ನೆಲದ ಮೇಲೆ ಕಾವಿಗೆ ಕೂತಿತು. ಬೇಲಿಯಾಚೆಯಿಂದ ಬೇರೆ ಹುಂಜಗಳು ಇಣುಕಿ ಕಿಸಕ್ಕೆಂದವು.

ಹುಂಜ ಎದೆಯುಬ್ಬಿಸಿತು. “ಕಲ್ಕೊಳ್ರೋ! ಕಾವು ಕೂರೋಕೂ ಒಂದು ಗತ್ತು ಬೇಕು.”