ಹರಿಗೋಲಿನ ಹನ್ನೆರಡು ನಿಮಿಷ

ಪಣಕ್ಕಿದ್ದದ್ದು ಮೂರು ದಿನದ ಮಟ್ಟಿಗೆ ಕ್ಯಾಮೆರಾ. ಅದಕ್ಕೆ ಕೊಡಬೇಕಾಗಿದ್ದದ್ದು ಒಂದು ಪುಟ.

ಹೊಳೆದಂಡೆಯ ಸಿನಿಮಾ ಶಾಲೆಯಲ್ಲಿ ಶಿಷ್ಯರು ಇಪ್ಪತ್ತೆಂಟು, ಕ್ಯಾಮೆರಾ ಒಂದೇ. ತಮ್ಮ ಚಿತ್ರವನ್ನು ನೋಡುವವರು ಯಾರು ಎಂದು ಸರಿಯಾಗಿ ತಿಳಿದು ಒಂದು ಪುಟದಲ್ಲಿ ಬರೆದು ತಂದವರಿಗೆ ಅದು ಸಿಗುತ್ತಿತ್ತು. ಉಳಿದವರು ಮುಂದಿನ ವರ್ಷ ನೋಡಿಕೊಳ್ಳಬೇಕು.

ಸುಮಂಗಲಾಗೆ ಮುಂದಿನ ವರ್ಷ ಇರಲಿಲ್ಲ. ಅವಳದು ಕೊನೆಯ ವರ್ಷ.

ಗುರು ಬಸಲಿಂಗಯ್ಯ ಮೂವತ್ತು ವರ್ಷ ಊರೂರಿಗೆ ಟೆಂಟ್ ಸಿನಿಮಾ ಹೊತ್ತು ತಿರುಗಿದವರು. ಮಾತಿಗೆ ಮರುಳಾಗುವವರ ಪೈಕಿ ಅಲ್ಲ. ಆದರೂ ಸುಮಂಗಲಾ ಅಳುಕದೆ ಬಂದಳು. ಕೈಯಲ್ಲಿ ಕಾಗದದ ಕಟ್ಟಿತ್ತು.

“ಗುರುಗಳೇ, ಕಥೆ ಓದಿಸಿ ಇಪ್ಪತ್ತೇಳು ಜನರನ್ನು ಕೇಳಿದೆ. ಅಷ್ಟೂ ಜನ ‘ಚೆನ್ನಾಗಿದೆ, ನೋಡುತ್ತೇವೆ’ ಅಂತ ಬರೆದುಕೊಟ್ಟಿದ್ದಾರೆ. ನನ್ನ ಪ್ರೇಕ್ಷಕರು ಇಪ್ಪತ್ತರ ಹರೆಯದವರು.”

“ಯಾರು ಇವರೆಲ್ಲ?”

“ನಮ್ಮ ಶಾಲೆಯವರೇ.”

“ಅವರೂ ತಮ್ಮ ಕಥೆ ನಿನಗೆ ಕೊಟ್ಟಿದ್ದರೋ?”

“ಕೊಟ್ಟಿದ್ದರು.”

“ನೀನು ಏನು ಬರೆದೆ?”

“ಚೆನ್ನಾಗಿದೆ ಅಂತ.”

“ಇದು ಸಂಶೋಧನೆಯಲ್ಲ ತಾಯಿ, ಮುಯ್ಯಿ. ಅವರ ಮದುವೆಗೆ ನೀನೊಂದು ಪಾತ್ರೆ ಕೊಟ್ಟೆ. ನಿನ್ನ ಮದುವೆಗೆ ಅವರು ಅದನ್ನೇ ತಿರುಗಿ ತಂದರು.”

ಗುರು ಅವಳ ಕೈಯ ಕಟ್ಟು ತೆಗೆದುಕೊಂಡು ಎದ್ದು ಹೊಳೆದಂಡೆಗೆ ಇಳಿದರು. ಅಂಬಿಗ ಹನುಮಪ್ಪನ ಹರಿಗೋಲು ಜನಕ್ಕೆ ಕಾಯುತ್ತಿತ್ತು. ಅದರ ಒದ್ದೆ ತಳದ ಮೇಲೆ ಗುರು ಇಪ್ಪತ್ತೇಳು ಕಾಗದಗಳನ್ನೂ ಹಾಸಿದರು.

“ಗುರುಗಳೇ!”

“ಕೂರುವವರ ಬಟ್ಟೆ ಒದ್ದೆಯಾಗೋದು ಬೇಡ. ಅಷ್ಟಕ್ಕಾದರೂ ಆಗಲಿ. ನಿನ್ನ ಚಿತ್ರ ಎಷ್ಟು ಹೊತ್ತಿನದು?”

“ಹನ್ನೆರಡು ನಿಮಿಷ.”

“ಆಚೆ ದಡಕ್ಕೂ ಅಷ್ಟೇ. ಹರಿಗೋಲು ಹತ್ತಿ, ಕೂತವರಿಗೆ ಕಥೆ ಹೇಳು. ಟೆಂಟಿನಲ್ಲಿ ನಾನು ಒಂದು ದಿನವೂ ಪರದೆ ಕಡೆ ಮುಖ ಮಾಡಿ ಕೂತವನಲ್ಲ. ಜನರ ಕಡೆ ಮುಖ ಮಾಡಿ ಕೂತೆ. ಅವರ ಕಣ್ಣು ಎಲ್ಲಿ ಹೋಗುತ್ತೆ, ಅದನ್ನು ನೋಡು.”

ಗುರುವೂ ಹತ್ತಿ ಒಂದು ಬದಿಗೆ ಕೂತರು. ಸುಮಂಗಲಾಳ ಕಥೆ ಇದು: ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಐವತ್ತರ ಹೆಂಗಸೊಬ್ಬಳು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಾಳೆ.

ಮೊದಲು ಹತ್ತಿದವರು ಕಾಲೇಜಿನ ನಾಲ್ಕು ಹುಡುಗರು. ನಡುಹೊಳೆಯ ಬಂಡೆ ದಾಟುವ ಮೊದಲೇ ನಾಲ್ವರೂ ಮೊಬೈಲಿಗೆ ಬಗ್ಗಿದರು. ಇಳಿಯುವಾಗ ಒಬ್ಬ ತಲೆ ಎತ್ತದೆ, “ಸೂಪರ್ ಅಕ್ಕಾ,” ಎಂದ.

ಬರುವಾಗ ಕುರಿ ವ್ಯಾಪಾರಿಗಳು. ಅವರ ಕಣ್ಣು ಕುರಿ ಬಿಟ್ಟು ಕದಲಲಿಲ್ಲ.

ಮೂರನೆಯ ಸಲ ಸಂತೆಗೆ ಹೊರಟ ಹೆಂಗಸರು. ಬಳೆ ಮಾರುವ ಐವತ್ತರ ಫಕೀರಮ್ಮ ಎದುರಿಗೇ ಕೂತಳು, ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು.

“ಸೀರೆ ಬಿಗಿಯಾಗಿ ಉಟ್ಟು ಬಾವಿಗೆ ಇಳಿದಳು,” ಎಂದಳು ಸುಮಂಗಲಾ.

“ಸೀರೀ? ಕಾಲಿಗೆ ಸುತ್ತಿಕೊಂಡು ಸಾಯ್ತಾಳಲ್ಲ ತಂಗಿ! ಮಗನ ಪ್ಯಾಂಟ್ ಹಾಕಿಸು,” ಎಂದಳು ಫಕೀರಮ್ಮ.

ಹೆಂಗಸರೆಲ್ಲ ನಕ್ಕರು. ಸುಮಂಗಲಾ ಕಥೆಯ ಹೆಂಗಸಿಗೆ ಪ್ಯಾಂಟ್ ಹಾಕಿಸಿದಳು.

“ಗಂಡಗ ಗೊತ್ತೈತೇನು?” ಇನ್ನೊಬ್ಬಳು ಕೇಳಿದಳು.

“ಅದನ್ನ ಯಾಕ ಹೇಳ್ತಾಳ, ಹುಚ್ಚಿ?” ಉತ್ತರ ಕೊಟ್ಟವಳೂ ಫಕೀರಮ್ಮನೇ.

ಹೀಗೆ ಹೆಜ್ಜೆಹೆಜ್ಜೆಗೂ ತಡೆದರೆ ಕಥೆ ಓಡೀತು ಹೇಗೆ? ಕಥೆಯ ಹೆಂಗಸು ಬೆನ್ನಿನ ಡಬ್ಬಿ ಬಿಚ್ಚಿ ಬದಿಗಿಟ್ಟಳು ಎನ್ನುವಷ್ಟರಲ್ಲಿ ಹರಿಗೋಲು ದಡಕ್ಕೆ ತಾಗಿತು. ಮೇಲೆ ರಸ್ತೆಯಲ್ಲಿ ಸಂತೆಯ ಬಸ್ಸು ಹಾರ್ನ್ ಹಾಕುತ್ತಿತ್ತು. ಹೆಂಗಸರು ಗಡಿಬಿಡಿಯಲ್ಲಿ ಇಳಿದು ಓಡಿದರು.

ಫಕೀರಮ್ಮ ಕದಲಲಿಲ್ಲ.

“ಯಕ್ಕಾ, ಬಸ್ಸು ಹೊಂಟತಿ! ಇನ್ನೊಂದು ಬರೋದು ಮಧ್ಯಾಹ್ನಕ್ಕ,” ಎಂದ ಹನುಮಪ್ಪ.

“ಹೋಗಲಿ ಬಿಡೋ.” ಅವಳು ಅವನ ಕಡೆ ತಿರುಗಲೂ ಇಲ್ಲ. “ಆಮ್ಯಾಲ? ಡಬ್ಬಿ ಬಿಚ್ಚಿದಾಕಿ ಮುಳುಗಿದಳೋ, ತೇಲಿದಳೋ?”

“ನಾನು ವಾಪಸ್ ಹೊಂಟೀನಿ,” ಎಂದ ಹನುಮಪ್ಪ.

“ನಾನೂ ಬರ್ತೀನಿ, ಹುಟ್ಟು ಹಾಕು.”

ಕಥೆಯ ಹೆಂಗಸು ತೇಲಿದಳು; ನಡುಹೊಳೆಯಲ್ಲಿ ಕಥೆ ಮುಗಿಯಿತು. ಫಕೀರಮ್ಮನ ಕೈ ಅಂಚನ್ನು ಯಾವಾಗಲೋ ಬಿಟ್ಟಿತ್ತು.

“ಮೂವತ್ತು ವರ್ಷದಿಂದ ಈ ಹೊಳಿ ದಾಟತೀನಿ,” ಎಂದಳು. “ಒಂದು ದಿನಾನೂ ಕೆಳಗ ನೋಡಿಲ್ಲ.”

ಬಗ್ಗಿ ನೀರು ನೋಡಿದಳು.

ಸುಮಂಗಲಾ ದಡಕ್ಕೆ ಇಳಿದವಳೇ ಕಲ್ಲಿನ ಮೇಲೆ ಕೂತು ಪುಟ ಬರೆದು ಗುರುವಿನ ಕೈಗಿತ್ತಳು. ಪುಟದಲ್ಲಿ ಒಂದೇ ಸಾಲಿತ್ತು: ‘ದಿನಾ ನೀರು ದಾಟುವ, ಈಜು ಬಾರದ, ಐವತ್ತರ ಆಸುಪಾಸಿನ ಹೆಂಗಸರು.’

“ಇಷ್ಟೇನಾ?”

“ಇಷ್ಟೇ ಗುರುಗಳೇ. ಇವರು ನೋಡುತ್ತಾರೆ.”

“ಉಳಿದವರು?”

“ಸೂಪರ್ ಅನ್ನುತ್ತಾರೆ.”

ಗುರು ನಕ್ಕರು. ಕ್ಯಾಮೆರಾದ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದರು.

“ಹೋದದ್ದು ಇಪ್ಪತ್ತೇಳು ‘ಚೆನ್ನಾಗಿದೆ’. ಬಂದದ್ದು ಒಂದು ಪ್ಯಾಂಟು, ಒಂದು ತಪ್ಪಿದ ಬಸ್ಸು. ಲಾಭದಲ್ಲೇ ಇದ್ದೀಯ, ನಡಿ.”