ದಸ್ತಗೀರ್ ಸಾಬರ ಹದಿನೈದು ವರ್ಷ

ಜಟಕಾ ಓಡಿಸುವ ದಸ್ತಗೀರ್ ಸಾಬರು ಸಂತೆಯಲ್ಲಿ ಎರಡು ವರ್ಷದ ಕುದುರೆಮರಿಯೊಂದನ್ನು ನೋಡಿ ಮನಸೋತರು. ಮನೆಗೆ ಬಂದು ತಮ್ಮ ಮುದಿ ಕುದುರೆ ಮೋತಿಗೆ ಹೇಳಿದರು: "ನಿನಗೂ ವಯಸ್ಸಾಯಿತು, ತಾಯಿ. ಆ ಮರಿಯನ್ನು ಕೊಂಡು ನಾನೇ ಪಳಗಿಸುತ್ತೇನೆ. ಹದಿನೈದು ವರ್ಷ ನಿನ್ನನ್ನು ಓಡಿಸಿದವನಿಗೆ ಅದೇನು ಕಷ್ಟ?"

"ಕೊಳ್ಳಿ ಯಜಮಾನರೇ," ಎಂದಿತು ಮೋತಿ. "ಅದಕ್ಕೆ ಮೊದಲು ನಾಳೆ ಒಂದು ದಿನ ನೀವು ಹೇಳಿದಷ್ಟನ್ನೇ ಮಾಡುತ್ತೇನೆ. ನನ್ನ ಬುದ್ಧಿ ಓಡಿಸುವುದಿಲ್ಲ."

ಮರುದಿನ ಸಾಬರು ಎಂದಿನಂತೆ ಲಗಾಮನ್ನು ತೊಡೆಯ ಮೇಲೆ ಹಾಕಿಕೊಂಡು ಬೀಡಿ ಹಚ್ಚಿದರು. ತಿರುವು ಬಂತು. ತಿರುಗು ಎಂದು ಯಾರೂ ಹೇಳದ್ದರಿಂದ ಮೋತಿ ನೆಟ್ಟಗೆ ಹೋಗಿ ಬಾಳೆಹಣ್ಣಿನ ಅಂಗಡಿಯೊಳಗೆ ಮೂತಿ ತೂರಿಸಿ ನಿಂತಿತು. ಆಮೇಲೆ ಸ್ಟೇಷನ್ ಬಂತು. ನಿಲ್ಲು ಎನ್ನಲು ಸಾಬರು ಮರೆತರು. ರೈಲು ಹಿಡಿಯಲೆಂದು ಗಾಡಿ ಹತ್ತಿದ್ದ ಹೆಂಗಸು ಊರಾಚೆಯ ಕೆರೆಯವರೆಗೂ ಬೈಯುತ್ತಲೇ ಹೋದಳು.

ಸಂಜೆ ಸಾಬರು ಲಾಯದಲ್ಲಿ ಕುಸಿದು ಕೂತರು. "ಹಾಗಾದರೆ ಹದಿನೈದು ವರ್ಷ ನಾನು ಮಾಡಿದ್ದಾದರೂ ಏನು?"

"ನನ್ನ ಹಿಂದೆ ಕೂತಿದ್ದಿರಿ. ಒಂದು ದಿನವೂ ಚಾವಟಿ ಎತ್ತಲಿಲ್ಲ, ಹುರುಳಿ ತಪ್ಪಿಸಲಿಲ್ಲ. ಅಷ್ಟು ಬಲ್ಲವರೇ ಕಡಿಮೆ. ಓಡಿಸುವುದನ್ನು ಮಾತ್ರ ಇನ್ನು ಕಲಿಯಬೇಕು."

"ಮರಿಯೇ ಇಲ್ಲದೆ ಮರಿ ಪಳಗಿಸುವುದನ್ನು ಎಲ್ಲಿ ಕಲಿಯಲಿ?"

ಮರುದಿನ ಬೆಳಿಗ್ಗೆ ಗಾಡಿ ಕಟ್ಟಿದ ಕೂಡಲೇ ಮೋತಿ, ಗಾಳಿಗೆ ಹಾರಿಬಂದ ಕಾಗದದ ಚೂರೊಂದಕ್ಕೆ ಬೆಚ್ಚಿದಂತೆ ಮಾಡಿ, ನೋಯುವ ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಸಾಬರು ಬೀಡಿ ಬಿಸಾಡಿ ಎರಡೂ ಕೈಯಿಂದ ಲಗಾಮು ಹಿಡಿದರು.