ಮಲಗಿದ ಕಪ್ಪೆಗಳ ಮತ

ಮಕ್ಕಳೇ, ಕುರುಚಲು ಕಾಡಿನ ನಡುವೆ ಬಿಳಿಗಲ್ಲು ಕೆರೆ ಎಂಬ ಒಂದು ಕೆರೆ ಇತ್ತು. ಮಳೆಗಾಲದಲ್ಲಿ ಅದು ಕಣ್ಣು ಹಾಯುವಷ್ಟು ದೂರ ಹರಡಿಕೊಳ್ಳುತ್ತಿತ್ತು. ಬೇಸಿಗೆ ಬಂತೆಂದರೆ ನಡುವಿನ ಒಂದು ಮಡು ಮಾತ್ರ ಉಳಿಯುತ್ತಿತ್ತು. ಸುತ್ತಲಿನ ಕೆಸರು ಒಣಗಿ, ಬಿರಿದು, ಸುಟ್ಟ ಹಪ್ಪಳದಂತೆ ಆಗುತ್ತಿತ್ತು. ಆ ಬಿರಿದ ನೆಲದ ಕೆಳಗೆ ಕಪ್ಪೆಗಳು ಮಲಗಿಬಿಡುತ್ತಿದ್ದವು. ಮುಂಗಾರಿನ ಗುಡುಗು ಕೇಳುವವರೆಗೆ ಅವಕ್ಕೆ ಅನ್ನವೂ ಇಲ್ಲ, ನೀರೂ ಇಲ್ಲ. ದೇವರು ಅವಕ್ಕೆ ಕೊಟ್ಟ ವ್ರತ ಅದು. ನಡುವೆ ಯಾರಾದರೂ ಅಗೆದು ಎಬ್ಬಿಸಿದರೆ ಬಿಸಿಲಿಗೆ ಸತ್ತೇಹೋಗುತ್ತವೆ.

ಆ ಮಡುವಿಗೆ ಒಬ್ಬ ಯಜಮಾನ ಬೇಕು. ಯಾರು ಮೊದಲು ಕುಡಿಯಬೇಕು, ಯಾರು ಆಮೇಲೆ ಎಂಬ ಸರದಿಯನ್ನು ಹೇಳುವುದು ಅವನ ಕೆಲಸ. ಸಣ್ಣ ಜೀವಗಳು ಮೊದಲು, ದೊಡ್ಡವು ಕೊನೆಗೆ. ದೊಡ್ಡವು ಮೊದಲು ಇಳಿದರೆ ನೀರು ಕೆಸರಾಗಿ, ಸಣ್ಣವಕ್ಕೆ ಗಂಟಲು ತೇವವಾಗುವಷ್ಟೂ ಸಿಗುವುದಿಲ್ಲ. ಹಿಂದಿನಿಂದ ಬಂದ ನಡಾವಳಿ ಇದು.

ಆದರೆ ಮೂರು ವರ್ಷದಿಂದ ಯಜಮಾನನಾಗಿದ್ದವನು ದುಗ್ಗಪ್ಪನೆಂಬ ಕಾಡುಹಂದಿ. ಅವನು ಬೆಳಗಾದೊಡನೆ ತಾನೇ ಮೊದಲು ಮಡುವಿಗೆ ಇಳಿದು, ಹೊರಳಾಡಿ, ಮೈಗೆಲ್ಲ ಕೆಸರು ಬಳಿದುಕೊಂಡು ಏಳುತ್ತಿದ್ದ. ಕೇಳಿದರೆ, "ಯಜಮಾನನ ಮೈ ತಂಪಾಗಿದ್ದರೆ ಊರು ತಂಪು" ಎನ್ನುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ಯಜಮಾನನನ್ನು ಆರಿಸುವಾಗ ಅವನ ಎದುರು ನಿಂತವಳು ಹೊನ್ನವ್ವ ಎಂಬ ಮುದಿ ಚಿಗರಿ ಜಿಂಕೆ. ಅವಳಿಗೆ ಯಜಮಾನಿಕೆಯ ಆಸೆ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನೀರಿಲ್ಲದೆ ಬಿದ್ದ ಗೌಜಲಹಕ್ಕಿಗಳನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ನೋಟ ಅವಳ ಎದೆಯಿಂದ ಹೋಗಿರಲಿಲ್ಲ.

ಬಿಳಿಗಲ್ಲು ಕೆರೆಯಲ್ಲಿ ಮತ ಹಾಕುವ ರೀತಿ ಹೀಗಿತ್ತು. ದುಗ್ಗಪ್ಪ ಬೇಕೆನ್ನುವವರು ಆಲದ ಎಲೆ, ಹೊನ್ನವ್ವ ಬೇಕೆನ್ನುವವರು ಮುತ್ತುಗದ ಎಲೆ ತರಬೇಕು. ಎಲೆಗೆ ಒಮ್ಮೆ ಬಾಯಿ ಹಾಕಿ ಗುರುತು ಮಾಡಬೇಕು. ಹಕ್ಕಿಯಾದರೆ ಕೊಕ್ಕಿನಿಂದ ಚುಚ್ಚಬೇಕು, ಮೃಗವಾದರೆ ಕಚ್ಚಬೇಕು. ದೇವರು ಕೊಟ್ಟ ಬಾಯಿ ಒಂದೇ, ಮತವೂ ಒಂದೇ. ಗುರುತಾದ ಎಲೆಯನ್ನು ದಡದ ಹಳೆಯ ಮರದ ಪೊಟರೆಯೊಳಗೆ ಹಾಕಬೇಕು. ಎಣಿಸಿದ ಮೇಲೆ ಮತ್ತೆ ಪೊಟರೆಗೆ ತುಂಬಿ, ಹುತ್ತದ ಮಣ್ಣಿನಿಂದ ಬಾಯಿ ಮೆತ್ತಿಬಿಡುತ್ತಿದ್ದರು. ಮೆತ್ತಿದ ಪೊಟರೆಯನ್ನು ತೆರೆದವರು ಯಾರೂ ಇರಲಿಲ್ಲ.

ಪೊಟರೆಗೆ ಕಾವಲು ಕೂತವನು ಬೂದಪ್ಪನೆಂಬ ನರಿ. ದುಗ್ಗಪ್ಪನೇ ಅವನನ್ನು ನೇಮಿಸಿದ್ದ.

ಮತ ಹಾಕಿ ಬಂದ ಮುದಿ ಮೊಲ ಭರಮಣ್ಣ ಹೊನ್ನವ್ವನ ಹತ್ತಿರ ಕೂತು ನಕ್ಕ. "ಅವ್ವಾ, ಸಾಯುವುದರೊಳಗೆ ಒಂದು ದಿನ ತಿಳಿನೀರು ಕುಡಿಯೋಣ ಅಂತ ಎಲೆ ಕಚ್ಚಿ ಬಂದೆ ನೋಡು. ಇದ್ದ ಹಲ್ಲೂ ಅಲ್ಲಾಡಿತು!"

"ಯಾವ ಎಲೆ ಅಂತ ಹೇಳಬೇಡ, ಭರಮಣ್ಣ. ಹೇಳಬಾರದು" ಎಂದಳು ಹೊನ್ನವ್ವ.

"ಹೇಳಲಿಲ್ಲವಲ್ಲ. ತಿಳಿನೀರು ಅಂದೆ ಅಷ್ಟೇ."

ಎಣಿಕೆಯಾಯಿತು. ಹೊನ್ನವ್ವನಿಗೆ ಅರವತ್ತೆರಡು. ದುಗ್ಗಪ್ಪನಿಗೆ ಎಂಬತ್ತೊಂಬತ್ತು.

ಹೊನ್ನವ್ವ ತಲೆತಗ್ಗಿಸಿ ಹೊರಟಳು. ಸೋಲು ಸೋಲೇ, ಅದನ್ನು ಒಪ್ಪಬೇಕು ಎಂದುಕೊಂಡಳು. ನಾಲ್ಕು ಹೆಜ್ಜೆ ಹೋದವಳು ಅಲ್ಲೇ ನಿಂತಳು. ಎರಡೂ ಕೂಡಿದರೆ ನೂರ ಐವತ್ತೊಂದು. ಕೆರೆಯಲ್ಲಿ ಮತವಿರುವ ಜೀವಗಳ ಪಟ್ಟಿಯಲ್ಲಿ ಇರುವ ಹೆಸರುಗಳೂ ಸರಿಯಾಗಿ ನೂರ ಐವತ್ತೊಂದು. ಆದರೆ ಅದರಲ್ಲಿ ಮೂವತ್ತೊಂದು ಹೆಸರು ಕಪ್ಪೆಗಳದು. ಅವು ನೆಲದ ಕೆಳಗೆ ಮಲಗಿವೆ!

ಅವಳು ನೇರವಾಗಿ ಬೂದಪ್ಪನ ಬಳಿಗೆ ಹೋಗಿ ಕೇಳಿದಳು.

ನರಿ ಮೈಮುರಿಯುತ್ತಾ ಹೇಳಿದ: "ಮತದ ಹಿಂದಿನ ದಿನ ಮಳೆ ಬರಲಿಲ್ಲವೇ? ಎದ್ದವು. ಬಂದವು. ಹಾಕಿದವು. ಹೋಗಿ ಮಲಗಿದವು."

"ಅದು ಮಳೆಯೇ, ಬೂದಪ್ಪ? ನಾಲ್ಕು ಹನಿ. ಧೂಳು ಕೂಡ ಅಡಗಲಿಲ್ಲ."

"ಎದ್ದವರಿಗೆ ಗೊತ್ತು, ಎಷ್ಟು ಹನಿ ಅಂತ. ಸೋತವರಿಗೆ ನಿದ್ದೆ ಮಾಡುವವರ ಮೇಲೂ ಅನುಮಾನ."

ಹೊನ್ನವ್ವನ ಜನ ಸಿಟ್ಟಾದರು. ಪೊಟರೆ ಒಡೆಯೋಣ ಎಂದರು ಕೆಲವರು. ದುಗ್ಗಪ್ಪನನ್ನು ಅಟ್ಟೋಣ ಎಂದರು ಇನ್ನು ಕೆಲವರು. ಹೊನ್ನವ್ವ ಒಪ್ಪಲಿಲ್ಲ. "ಪೊಟರೆ ನಾವೇ ಒಡೆದರೆ ನಮಗೂ ಅವನಿಗೂ ಏನು ವ್ಯತ್ಯಾಸ? ನ್ಯಾಯದ ಬಂಡೆ ಇದೆ. ಅಲ್ಲಿಗೆ ಹೋಗುತ್ತೇನೆ."

ನ್ಯಾಯದ ಬಂಡೆ ಮಡುವಿನ ಅಂಚಿನಲ್ಲಿತ್ತು. ಅದರ ಮೇಲೆ ಕೂತು ನ್ಯಾಯ ಹೇಳುತ್ತಿದ್ದವನು ಒಬ್ಬ ಮುದಿ ಆಮೆ. ಎಲ್ಲರೂ ಅವನನ್ನು ಅಜ್ಜಯ್ಯ ಎನ್ನುತ್ತಿದ್ದರು. ಅವನು ಯಾರ ನೀರನ್ನೂ ಋಣವಾಗಿ ಕುಡಿದವನಲ್ಲ. ಆದರೆ ಅವನ ನಡೆಯಂತೆ ನುಡಿಯೂ ನಿಧಾನ. ಮಡುವಿನಲ್ಲಿ ಮುಂಗಾಲು ಅದ್ದಿ, "ನೀರಿನ ಆಣೆ" ಎಂದ ಮೇಲೆಯೇ ಅಲ್ಲಿ ಮಾತಾಡಬೇಕು.

ಹೊನ್ನವ್ವ ಕಾಲು ಅದ್ದಿ ತನ್ನ ದೂರು ಹೇಳಿದಳು. ದುಗ್ಗಪ್ಪ ಎದ್ದು, "ಸಾಕ್ಷಿ ಹೊಂದಿಸಿಕೊಳ್ಳಲು ನನಗೆ ವಾಯಿದೆ ಬೇಕು" ಎಂದ. ಅಜ್ಜಯ್ಯ ಎಂಟು ದಿನ ಕೊಟ್ಟ.

ಆ ಎಂಟು ದಿನವೂ ದುಗ್ಗಪ್ಪನೇ ಯಜಮಾನ. ಎಂಟು ದಿನವೂ ಅವನೇ ಮೊದಲು ಇಳಿದ. ಮಡು ಹೊನ್ನವ್ವನ ಹೊಟ್ಟೆಯ ಮಟ್ಟದಿಂದ ಮೊಣಕಾಲಿಗೆ ಇಳಿಯಿತು.

ಒಂಬತ್ತನೆಯ ದಿನ ನರಿ ಬೂದಪ್ಪ ನೀರಿನಲ್ಲಿ ಕಾಲು ಅದ್ದಿದ. "ನೀರಿನ ಆಣೆ, ಅಜ್ಜಯ್ಯ. ಮೂವತ್ತೊಂದು ಕಪ್ಪೆಗಳೂ ಬಂದದ್ದನ್ನು ಈ ಕಣ್ಣಿನಿಂದ ಕಂಡೆ. ಒಂದೊಂದೂ ಆಲದೆಲೆ ಕಚ್ಚಿ ಪೊಟರೆಗೆ ಹಾಕಿತು."

"ಚೆನ್ನಾಗಿ ಕಂಡೆಯಾ?"

"ಇಷ್ಟು ಹತ್ತಿರದಿಂದ." ಅವನು ಹೊನ್ನವ್ವನ ಕಡೆಗೆ ತಿರುಗಿದ. "ಈ ತಾಯಿಗೆ ನಂಬಿಕೆ ಇಲ್ಲವಾದರೆ ಕೆಸರು ಅಗೆಯಲಿ. ನಮ್ಮ ಯಜಮಾನರ ಮೂತಿ ಬೇಕಾದರೆ ಸಾಲ ಕೊಡುತ್ತೇವೆ. ಕಪ್ಪೆಗಳನ್ನು ಎಬ್ಬಿಸಿ ಕೇಳಿದರೆ ಆಯಿತಲ್ಲ!"

ದುಗ್ಗಪ್ಪನ ಕಡೆಯವರು ನಕ್ಕರು. ಹೊನ್ನವ್ವನ ಹಿಂದೆ ನಿಂತಿದ್ದವರಲ್ಲಿ ಗುಸುಗುಸು ಎದ್ದಿತು. ಒಂದು ಕಾಗೆ ಅವಳ ಕಿವಿಯ ಹತ್ತಿರ ಬಂದು, "ಎರಡೇ ಎರಡು ಕಪ್ಪೆ ಅಗೆಸು, ಹೊನ್ನವ್ವ. ಎರಡು ಹೋದರೆ ಹೋಗಲಿ. ನೂರು ಜೀವ ಉಳಿಯುತ್ತದೆ. ಪಾಪ ಬಂದರೆ ನನಗಿರಲಿ" ಎಂದಿತು.

ಹೊನ್ನವ್ವ ಬಿರಿದ ನೆಲವನ್ನು ನೋಡಿದಳು. ಆ ಮಣ್ಣಿನ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ ಪುಟ್ಟ ಜೀವಗಳು ಅವಳ ಮನಸ್ಸಿಗೆ ಬಂದವು. ಅವು ಯಾರ ಪರವೂ ಅಲ್ಲ. ತಮ್ಮ ಹೆಸರಿನಲ್ಲಿ ಇಷ್ಟೆಲ್ಲ ನಡೆಯುತ್ತಿದೆ ಎಂಬುದೂ ಅವಕ್ಕೆ ಗೊತ್ತಿಲ್ಲ. ಅಗೆಸಿದರೆ ತಾನು ಗೆಲ್ಲಬಹುದು. ಅಗೆಸದಿದ್ದರೆ ಬಹುಶಃ ಇವತ್ತೇ ಎಲ್ಲ ಮುಗಿಯುತ್ತದೆ.

"ಅಜ್ಜಯ್ಯ, ಅವುಗಳ ಮತ ಕದ್ದಿದ್ದಾರೆ ಎಂದು ನಾನು ಬಂದೆ" ಎಂದಳು. "ಮತ ಉಳಿಸಲು ಹೋಗಿ ಅವುಗಳ ಪ್ರಾಣ ಕದಿಯಲಾರೆ. ಒಂದು ಕಪ್ಪೆ ಸತ್ತರೂ ಆ ಗೆಲುವು ನನಗೆ ಬೇಡ. ನನ್ನ ಬೇಡಿಕೆ ಬೇರೆ. ಪೊಟರೆ ತೆರೆಸಿ. ಎಲೆಗಳನ್ನು ಎಲ್ಲರೆದುರು ನೋಡೋಣ. ನೆಲ ಮಾತಾಡದಿದ್ದರೆ ಎಲೆ ಮಾತಾಡಲಿ."

ಬೂದಪ್ಪನ ಕಿವಿ ನೆಟ್ಟಗಾಯಿತು. "ಅದು ನಡಾವಳಿಯಲ್ಲ! ಮೆತ್ತಿದ ಪೊಟರೆ ತೆರೆದವರು ಉಂಟೇ?"

ಅಜ್ಜಯ್ಯ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಬಹಳ ಹೊತ್ತಿನ ಮೇಲೆ ಹೊರಗೆ ಚಾಚಿ, "ಇಂದು ತೆರೆದರೆ ನಾಳೆ ಸೋತವರೆಲ್ಲ ತೆರೆಸಿ ಎನ್ನುತ್ತಾರೆ. ತೆರೆಯದಿದ್ದರೆ ಕಾವಲುಗಾರ ಹೇಳಿದ್ದೇ ವೇದವಾಗುತ್ತದೆ. ನಾನು ಯೋಚಿಸಬೇಕು. ಐದು ದಿನ" ಎಂದ.

ಆ ಐದು ದಿನಗಳಲ್ಲಿ ಮಡು ಗೊರಸು ಮುಳುಗುವಷ್ಟಕ್ಕೆ ಇಳಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಭರಮಣ್ಣ ಸರದಿಯಲ್ಲಿ ನಿಂತಿದ್ದ. ದುಗ್ಗಪ್ಪ ಇನ್ನೂ ಹೊರಳಾಡುತ್ತಿದ್ದ. ಮುದಿ ಮೊಲ ನಿಂತಲ್ಲೇ ಕೂತ, ಕೂತಲ್ಲೇ ಒರಗಿದ. ಹೊನ್ನವ್ವ ಕೆಸರಿನಲ್ಲಿ ಬಾಯಿ ಅದ್ದಿ ಓಡಿಬಂದು ಅವನ ತುಟಿಗೆ ಹನಿ ಬಿಟ್ಟಳು. ಅವನು ಕುಡಿಯಲಿಲ್ಲ. ಕುಡಿಯುವ ಹೊತ್ತು ಮೀರಿತ್ತು.

ಆ ಸಂಜೆ ಅವಳ ಜನ ಮತ್ತೆ ಬಂದರು. "ಇನ್ನೂ ಆ ಆಮೆಯನ್ನು ಕಾಯುತ್ತೀಯಾ? ಅದರ ನ್ಯಾಯ ಬರುವಷ್ಟರಲ್ಲಿ ನಾವು ಯಾರೂ ಇರುವುದಿಲ್ಲ!"

"ಇನ್ನೊಂದೇ ದಿನ" ಎಂದಳು ಹೊನ್ನವ್ವ. ಆ ಮಾತು ಅವಳ ಕಿವಿಗೇ ಪೊಳ್ಳಾಗಿ ಕೇಳಿಸಿತು. ಆದರೂ ಮರುದಿನ ಬೆಳಗ್ಗೆ ಬಂಡೆಯ ಮುಂದೆ ಮೊದಲು ನಿಂತವಳು ಅವಳೇ.

ಅಜ್ಜಯ್ಯ ಬಂದ. ಭರಮಣ್ಣನ ಸುದ್ದಿ ಅವನಿಗೆ ತಲುಪಿತ್ತು. ಬಂಡೆ ಏರುವುದು ಅಂದು ಅವನಿಗೆ ಎಂದಿಗಿಂತ ಕಷ್ಟವಾಯಿತು.

"ಪೊಟರೆಯಲ್ಲಿ ಇರುವುದು ಸತ್ಯವಾದರೆ, ತೆರೆದದ್ದರಿಂದ ಅದಕ್ಕೆ ಗಾಯವಾಗುವುದಿಲ್ಲ" ಎಂದ. "ಸುಳ್ಳಾದರೆ ಮಾತ್ರ ಬೆಳಕಿಗೆ ಹೆದರುತ್ತದೆ. ಇಷ್ಟು ತಿಳಿಯಲು ನನಗೆ ಐದು ದಿನ ಬೇಕಾಯಿತು. ತೆರೆಯಿರಿ."

ಹುತ್ತದ ಮಣ್ಣು ಒಡೆಯಿತು. ಆಲದೆಲೆಗಳನ್ನು ಬಂಡೆಯ ಮೇಲೆ ಒಂದೊಂದಾಗಿ ಹರಡಿದರು. ಕೆಲವಕ್ಕೆ ಕೊಕ್ಕಿನ ತೂತು. ಕೆಲವಕ್ಕೆ ಉಳಿಯಿಂದ ಕತ್ತರಿಸಿದಂತೆ ಇಲಿಯ ಗುರುತು. ಮೂವತ್ತೆರಡು ಎಲೆಗಳಿಗೆ ಮಾತ್ರ ಒಂದೇ ತೆರನಾದ ಗುರುತು. ಮೇಲೆ ಎರಡು ಆಳದ ತೂತು, ಕೆಳಗೆ ಎರಡು ಆಳದ ತೂತು.

"ಇವೇ ಕಪ್ಪೆಗಳ ಎಲೆಗಳು. ಜೊತೆಗೆ ಒಂದು ಹೆಚ್ಚು" ಎಂದ ಅಜ್ಜಯ್ಯ. "ಬೂದಪ್ಪ, ಹತ್ತಿರ ಬಾ. ಕಾಲು ಅದ್ದು. ಕಪ್ಪೆ ನೊಣ ಹಿಡಿದರೆ ಏನು ಮಾಡುತ್ತದೆ?"

"ನುಂಗುತ್ತದೆ, ಅಜ್ಜಯ್ಯ."

"ಅಗಿಯುವುದಿಲ್ಲವೇ?"

"ಅಗಿಯಲು ಅದಕ್ಕೆ ಹಲ್ಲೆಲ್ಲಿ..."

ನರಿಯ ಮಾತು ಅಲ್ಲಿಗೇ ನಿಂತಿತು.

ಅಜ್ಜಯ್ಯ ಒಂದು ಹಸಿ ಎಲೆಯನ್ನು ಮುಂದೆ ತಳ್ಳಿದ. "ಕಚ್ಚು."

"ನಾನೇಕೆ?"

"ಈ ಕೆರೆಯಲ್ಲಿ ನರಿ ಒಬ್ಬನೇ. ಕಚ್ಚು."

ಬೂದಪ್ಪ ಕಚ್ಚಿದ. ಮೇಲೆ ಎರಡು ತೂತು, ಕೆಳಗೆ ಎರಡು ತೂತು.

"ಈ ಮೂವತ್ತೆರಡರಲ್ಲಿ ಒಂದು ನಿನ್ನ ಮತ. ಅದು ನಿನ್ನ ಹಕ್ಕು, ಅದನ್ನು ತೆಗೆಯುವುದಿಲ್ಲ. ಉಳಿದ ಮೂವತ್ತೊಂದು ಕಳವು" ಎಂದ ಅಜ್ಜಯ್ಯ. ಆಮೇಲೆ ಅವನನ್ನೇ ನೋಡುತ್ತಾ ಮೆಲ್ಲಗೆ ಹೇಳಿದ: "ಹುಟ್ಟಿದಂದಿನಿಂದ ಕಪ್ಪೆ ತಿಂದವನು ನೀನು. ಒಂದರ ಬಾಯನ್ನೂ ನೋಡಲಿಲ್ಲವೇ, ಬೂದಪ್ಪ?"

ತಿನ್ನುವವರು ತುತ್ತಾಗುವವರ ಬಾಯಿ ನೋಡುವುದಿಲ್ಲ, ಮಕ್ಕಳೇ.

"ನನಗೆ ಇದೊಂದೂ ಗೊತ್ತಿಲ್ಲ!" ಎಂದು ದುಗ್ಗಪ್ಪ ಗುಟುರು ಹಾಕಿದ.

"ಗೊತ್ತಿತ್ತೋ ಇಲ್ಲವೋ, ಆ ಲೆಕ್ಕ ದೇವರದು. ಎಲೆಯ ಲೆಕ್ಕ ನನ್ನದು. ನಿನ್ನವು ಐವತ್ತೆಂಟು. ಹೊನ್ನವ್ವನವು ಅರವತ್ತೆರಡು. ಯಜಮಾನಿಕೆ ಅವಳದು. ಬೂದಪ್ಪ ಇನ್ನು ಯಾವ ಕಾವಲಿಗೂ ಕೂರಕೂಡದು." ಅಜ್ಜಯ್ಯನ ದನಿ ಕುಗ್ಗಿತು. "ಹೊನ್ನವ್ವ, ನ್ಯಾಯ ಕೊಟ್ಟೆ. ಹೋದ ನೀರನ್ನೂ ಹೋದ ಭರಮಣ್ಣನನ್ನೂ ಕೊಡಲಾರೆ. ದುಗ್ಗಪ್ಪ ಹೊರಳಾಡಿದ್ದು ಅವನ ತಪ್ಪು. ಅವನು ಹೊರಳಾಡುತ್ತಿರುವಾಗ ನಾನು ಯೋಚಿಸುತ್ತಾ ಕೂತದ್ದು ನನ್ನ ತಪ್ಪು."

ಹೊನ್ನವ್ವ ಬಂಡೆಗೆ ತಲೆಬಾಗಿ, ಮಡುವಿನ ಅಂಚಿಗೆ ಹೋಗಿ ನಿಂತಳು. ಕೆಸರು ತಳಕ್ಕೆ ಇಳಿದು ನೀರು ತಿಳಿಯಾಗುವವರೆಗೆ ಯಾರನ್ನೂ ಬಿಡಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕರೆದಳು. ಗುಬ್ಬಿಗಳು ಬಂದವು, ಇಲಿಗಳು ಬಂದವು. ಗೌಜಲಹಕ್ಕಿಗಳು ಕತ್ತು ಮೇಲೆತ್ತಿ ಮೇಲೆತ್ತಿ ಕುಡಿದವು. ಮೊಲಗಳು ಭರಮಣ್ಣ ಒರಗಿದ್ದ ಜಾಗವನ್ನು ಬಳಸಿ ಬಂದು ಕುಡಿದು ಹೋದವು.

ಎಲ್ಲರ ಹಿಂದೆ, ದೂರದಲ್ಲಿ, ದುಗ್ಗಪ್ಪ ನಿಂತಿದ್ದ. ಬಿಸಿಲಿಗೆ ಅವನ ಮೈಯ ಕೆಸರು ಒಣಗಿ ಉದುರುತ್ತಿತ್ತು. "ಅಟ್ಟು ಅವನನ್ನು! ಒಂದು ಹನಿಯನ್ನೂ ಕೊಡಬೇಡ!" ಎಂದು ಎಲ್ಲರೂ ಕೂಗಿದರು.

"ಅವನ ಹೆಸರೂ ಪಟ್ಟಿಯಲ್ಲಿದೆ" ಎಂದಳು ಹೊನ್ನವ್ವ. "ದೊಡ್ಡವರ ಸರದಿ ಕೊನೆಯದು. ಆದರೆ ಸರದಿ ಉಂಟು. ದುಗ್ಗಪ್ಪ, ಬಾ."

ಹಂದಿ ಮೆಲ್ಲನೆ ಬಂದ. ಮೊದಲ ಬಾರಿಗೆ ಅವನು ಮಡುವಿಗೆ ಇಳಿಯದೆ, ದಡದಲ್ಲೇ ಮೊಣಕಾಲೂರಿ ಕುಡಿದ. ಅವನು ಎದ್ದು ಹೋದ ಮೇಲೆ ಹೊನ್ನವ್ವ ಬಾಗಿ, ಉಳಿದದ್ದನ್ನು ಕುಡಿದಳು.

ನೀತಿ: ಕದ್ದ ಗೆಲುವನ್ನು ನ್ಯಾಯದ ಮುಂದೆ ತಂದೇ ಪ್ರಶ್ನಿಸಬೇಕು, ಬಡಪಾಯಿಗಳನ್ನು ಬಲಿಕೊಟ್ಟಲ್ಲ; ನ್ಯಾಯ ಹೇಳುವವರು ತಡಮಾಡಿದರೆ ಅದರ ಬೆಲೆಯನ್ನು ತೆರುವವರು ಸಣ್ಣವರೇ.